ಮರೆವು ಎಣಿಸುವ ಗುಂಡಿ

ಹುಟ್ಟಿದ ಗಳಿಗೆಯಿಂದ ಈ ಸಾಲು ಬರೆಯುತ್ತಿರುವ ಗಳಿಗೆಯವರೆಗೆ ನಾನು ಒಂದೇ ಒಂದು ಸಂಗತಿಯನ್ನೂ ಮರೆತವನಲ್ಲ. ನಮ್ಮವ್ವನ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಎಡಗೈಯಲ್ಲಿ ಹದಿಮೂರು ಬಳೆಗಳಿದ್ದವು, ಬಲಗೈಯಲ್ಲಿ ಹನ್ನೊಂದು. ಒಂದು ಬಳೆ ಸೀಳು ಬಿಟ್ಟಿತ್ತು. ಕೂಸಿಗೆ ತಾಗೀತು, ತೆಗೆದಿಡು ಎಂದು ನಾನೇ ಆಕೆಗೆ ಕಣ್ಸನ್ನೆ ಮಾಡಿದೆ. ನಂಬುವುದಿಲ್ಲವೇ? ಬಿಡಿ. ನನ್ನ ಹೆಂಡತಿ ಜಗದೇವಿಯೂ ನಂಬುವುದಿಲ್ಲ.

ಹೆಸರು ಅಂಬಾರಾಯ. ಕಲಬುರಗಿಯಲ್ಲಿ ಕಾರುಗಳ ಎಸಿ ರಿಪೇರಿ ಮಾಡುತ್ತೇನೆ. ಎರಡು ಸಾವಿರದ ನಲವತ್ತೇಳರ ಆ ಬೇಸಿಗೆಯಲ್ಲಿ ಬಿಸಿಲು ನಲವತ್ತೇಳಕ್ಕೆ ಏರಿತ್ತು. ಅದು ಸರ್ಕಾರದ ಲೆಕ್ಕ. ನನ್ನ ಅಂಗಡಿಯ ಮುಂದೆ ಅರವತ್ತೆರಡು. ಸ್ಪ್ಯಾನರನ್ನು ಇಕ್ಕಳದಲ್ಲಿ ಹಿಡಿದು, ಮಧ್ಯಾಹ್ನದ ರೊಟ್ಟಿಯನ್ನು ಬಾನೆಟ್ಟಿನ ಮೇಲೆ ಸುಟ್ಟುಕೊಂಡು ತಿನ್ನುತ್ತಿದ್ದೆ. ಅಂಥ ಊರಿನಲ್ಲಿ ಜನರಿಗೆ ದೇವರಿಗಿಂತ ಮೊದಲು ನೆನಪಾಗುವವನು ಎಸಿ ಮಿಸ್ತ್ರಿ. ಹೀಗಾಗಿ ನನ್ನ ಮಾತಿಗೆ ತೂಕವಿತ್ತು. ಆ ತೂಕವೇ ಆಮೇಲೆ ನನ್ನ ಮೇಲೆ ಬಿತ್ತು.

ಆ ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳುವಾಗ ಮಾತ್ರ ನಾನು ಏನನ್ನೂ ಸೇರಿಸುವುದಿಲ್ಲ. ರೇವಣಸಿದ್ಧ ಎಂಬವರು ಪಾಲಿಟೆಕ್ನಿಕ್‌ನಲ್ಲಿ ಶಾಖದ ಪ್ರಯೋಗಗಳನ್ನು ಮಾಡಿಸುವ ಮೇಷ್ಟ್ರು. ಹದಿನಾಲ್ಕು ತಿಂಗಳ ಮಗ ತನುವನ್ನು ದಿನವೂ ಶಿಶುವಿಹಾರಕ್ಕೆ ಬಿಡುತ್ತಿದ್ದವಳು ಅವರ ಹೆಂಡತಿ ಚಂದ್ರಭಾಗಾ. ಅಂದು ಆಕೆಗೆ ಜ್ವರ. ಮೇಷ್ಟ್ರು ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಮಗು ನಿದ್ದೆ ಹೋಯಿತು. ಎಡಕ್ಕೆ ಹೊರಳಬೇಕಾದಲ್ಲಿ ಕಾರು ದಿನದ ದಾರಿಯಲ್ಲೇ ನೇರ ಪಾಲಿಟೆಕ್ನಿಕ್‌ಗೆ ಹೋಯಿತು. ಅವರು ಇಳಿದರು, ಬಾಗಿಲು ಹಾಕಿದರು, ಪಾಠ ಮಾಡಿದರು. ಮಧ್ಯಾಹ್ನ ಒಂದು ಗಂಟೆಗೆ ಬುತ್ತಿ ತೆಗೆದುಕೊಳ್ಳಲು ಕಾರಿಗೆ ಬಂದರು.

ಅಷ್ಟೇ. ಮುಂದಿನದನ್ನು ಊರೇ ಹೇಳಿತು, ಊರೇ ಕೂಗಿತು. ಅರ್ಧ ಊರು ಕೊಲೆಗಾರ ಎಂದಿತು, ಅರ್ಧ ಊರು ಪಾಪ ಎಂದಿತು. ಚಹಾದ ಅಂಗಡಿಗಳಲ್ಲಿ ಬೆಂಚುಗಳು ಬೇರೆ ಬೇರೆಯಾದವು. ಬಸ್‌ನಲ್ಲಿ ಪಕ್ಕದಲ್ಲಿ ಕುಳಿತವರು ಈ ಮಾತು ಬಂದರೆ ಎದ್ದು ನಿಲ್ಲುತ್ತಿದ್ದರು. ಜೈಲಿನ ಪ್ರಶ್ನೆಯನ್ನು ಕೋರ್ಟು ನೋಡಿಕೊಳ್ಳುತ್ತಿತ್ತು. ಊರಿನ ಮುಂದೆ ಬಂದದ್ದು ಇನ್ನೊಂದು ಪ್ರಶ್ನೆ. ಚಂದ್ರಭಾಗಾ ಆಗ ಬಸುರಿ. ಹುಟ್ಟುವ ಮಗುವಿನ ಜೊತೆ ಒಂದೇ ಸೂರಿನಡಿ ಇರಲು ಈ ತಂದೆಗೆ ಬಿಡಬೇಕೋ ಬೇಡವೋ? ಬೇಡವೆಂದರೆ ಏಳು ವರ್ಷ ಅವರು ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಆ ಕಾಲಕ್ಕೆ ಇಂಥದ್ದನ್ನು ತೀರ್ಮಾನಿಸಲು ಜನಮತ ವಿಚಾರಣೆ ಎಂಬ ಹೊಸ ಪದ್ಧತಿ ಬಂದಿತ್ತು. ಚೀಟಿ ಎತ್ತಿ ಆರಿಸಿದ ನೂರೊಂದು ಜನ ಕುಳಿತು ಕೇಳಿ ಕೈ ಎತ್ತಬೇಕು. ಆದರೆ ಒಂದು ಷರತ್ತು: ಮರೆವಿನ ಬಗ್ಗೆ ತೀರ್ಪು ಕೊಡುವವರು ಮೊದಲು ಇಪ್ಪತ್ತೊಂದು ದಿನ ಕಿವಿಯ ಹಿಂದೆ ಒಂದು ಗುಂಡಿಯನ್ನು ಅಂಟಿಸಿಕೊಂಡು ತಿರುಗಬೇಕು. ನಿಮ್ಮ ಮರೆವುಗಳನ್ನು ಅದು ಎಣಿಸುತ್ತದೆ. ಒಟ್ಟು ಸಂಖ್ಯೆ ಮಾತ್ರ ಪ್ರಯೋಗಾಲಯಕ್ಕೆ ಹೋಗುತ್ತದೆ. ಯಾವಾಗ, ಎಷ್ಟು ಹೊತ್ತು ಎಂಬ ವಿವರ ನಿಮ್ಮ ಫೋನಿಗೆ ಮಾತ್ರ ಬರುತ್ತದೆ.

ಆ ಗುಂಡಿಯನ್ನು ಕಂಡುಹಿಡಿದವನು ನಾನೇ. ಪ್ರಯೋಗಾಲಯದ ಡಾಕ್ಟರ್ ಫರ್ಹಾನಾ ಮೇಡಂ ಬರೀ ವೈರು ಜೋಡಿಸಿದರು.

ಮಿದುಳಿನ ಆ ಪ್ರಯೋಗಾಲಯ ಊರ ಹೊರಗಿತ್ತು. ಯಂತ್ರಗಳನ್ನಿಟ್ಟ ಕೋಣೆಯ ಎಸಿ ಕೆಟ್ಟಿತೆಂದು ನನ್ನನ್ನು ಕರೆಸಿದ್ದರು. ಗೋಡೆಯ ತುಂಬ ಪರದೆಗಳು. ಒಂದೊಂದರ ಮೇಲೂ ಎರಡು ಗೆರೆ, ಒಂದು ಹಳದಿ, ಒಂದು ನೀಲಿ.

"ಇವು ಯಾನ್ರೀ ಮೇಡಂ?"

"ಮಿದುಳಿನಾಗ ಇಬ್ಬರು ಡ್ರೈವರ್ ಇರ್ತಾರ ಅಂತ ತಿಳೀರಿ ಮಿಸ್ತ್ರಿ," ಎಂದರು ಮೇಡಂ. "ಹಳದಿಯವ ದಿನದ ದಾರಿ ಬಲ್ಲವ. ವಿಚಾರ ಮಾಡದೇನೇ ಓಡಿಸ್ತಾನ. ನೀಲಿಯವ ಇವತ್ತಿನ ಹೊಸ ಕೆಲಸದ್ದು ಒಂದು ಚೀಟಿ ಕೈಯಾಗ ಹಿಡ್ಕೊಂಡು ಬಾಜೂಕ ಕೂತಿರ್ತಾನ. ದಾರಿ ರೂಢಿದಿತ್ತಂದ್ರ ಇವ ತೂಕಡಸ್ತಾನ. ಚೀಟಿ ಕೈಯಿಂದ ಜಾರ್ತದ. ಜಾರಿದ್ದು ಅವನಿಗೂ ಗೊತ್ತಾಗಂಗಿಲ್ಲ. ಕೆಲಸ ಮುಗೀತು ಅಂತನೇ ಅನ್ಕೊಂಡಿರ್ತಾನ. ಗುಂಡಿ ಅದನ್ನ ಒಂದು ಅಂತ ಎಣಸ್ತದ."

"ಉಪ್ಪು ತರೂದು ಮರ್ತರ ಹಂಗ ಆಗ್ತದ, ಒಪ್ತೀನಿ. ಹೆತ್ತ ಕೂಸು?"

"ಚೀಟಿಯಾಗ ಉಪ್ಪು ಅಂತ ಬರದಾರೋ ಕೂಸು ಅಂತ ಬರದಾರೋ, ತೂಕಡಿಸೋವನಿಗೆ ಅದು ಕಾಣಂಗಿಲ್ರಿ."

"ಛೇ! ಪ್ರೀತಿ ಇದ್ದವ ತೂಕಡಸಂಗಿಲ್ಲ ಮೇಡಂ," ಎಂದೆ. ಮೇಡಂ ನಕ್ಕು, ಗುಂಡಿಯೊಂದನ್ನು ನನ್ನ ಕಿವಿಯ ಹಿಂದೆ ಒತ್ತಿದರು. ಚೀಟಿ ಎತ್ತಿದಾಗ ನನ್ನ ಹೆಸರೂ ಬಂದಿತ್ತಲ್ಲ.

ಮನೆಗೆ ಬಂದರೆ ಜಗದೇವಿ ಬಾಗಿಲಲ್ಲೇ ಕೈ ಚಾಚಿದಳು. "ಜೀರಗಿ ಎಲ್ಲದ?"

"ಯಾವ ಜೀರಗಿ?"

"ಮುಂಜಾನಿಂದ ಮೂರು ಸಲ ಹೇಳೀನಿ."

"ಮರ್ತಿಲ್ಲಲೇ. ಇವತ್ತಿನ ಜೀರಗಿ ಛಲೋ ಇಲ್ಲ ಅಂತ ನಾನೇ ಬಿಟ್ಟು ಬಂದೀನಿ."

ನನ್ನ ಫೋನು ಟಣ್ ಎಂದಿತು. ಜಗದೇವಿ ಬಗ್ಗಿ ನೋಡಿದಳು. "ಒಂದು ಅಂತ ಬಂದದ್ರೀ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಜೊತೆ ನಮ್ಮ ಮೊಮ್ಮಗಳು ಚುಕ್ಕಿಯೂ, ಯಾಕೆಂದು ತಿಳಿಯದೆ, ಚಪ್ಪಾಳೆ ತಟ್ಟಿ ನಕ್ಕಿತು. ಎರಡು ವರ್ಷದ ಕೂಸು. ಮಗಳು ಆಸ್ಪತ್ರೆಯಲ್ಲಿ ನರ್ಸು. ಆಕೆಯ ಡ್ಯೂಟಿ ಮುಗಿಯುವವರೆಗೆ ಚುಕ್ಕಿ ನಮ್ಮದು.

ಮೂರನೆಯ ದಿನ ನನ್ನ ಗುಂಡಿ ಕಂಪ್ರೆಸರಿನ ಎಣ್ಣೆಯಲ್ಲಿ ಬಿದ್ದು ಕೆಟ್ಟಿತು. ನನ್ನ ಮಿದುಳಿನ ವೇಗ ತಾಳಲಾರದೆ ತಾನೇ ಹಾರಿ ಬಿತ್ತು ಎಂದು ಮೇಡಂಗೆ ಹೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೇರೆ ಗುಂಡಿ ಕೊಟ್ಟು, ಎಣಿಕೆಯನ್ನು ಮೊದಲಿನಿಂದ ಹಚ್ಚಿದರು. ಅಲ್ಲಿಂದ ಮುಂದೆ ನನ್ನ ಲೆಕ್ಕ ಸೊನ್ನೆ. ನಾಲ್ಕನೆಯ ದಿನ ಸೊನ್ನೆ, ಹತ್ತನೆಯ ದಿನ ಸೊನ್ನೆ. ಇಡೀ ಊರಿನಲ್ಲಿ ಸೊನ್ನೆ ತೆಗೆದ ಗಂಡಸು ನಾನೊಬ್ಬನೇ.

ಉಳಿದವರ ಪಾಡು ಕೇಳಬೇಡಿ. ಬ್ಯಾಂಕಿನ ಮ್ಯಾನೇಜರರಿಗೆ ಒಂದು ವಾರಕ್ಕೆ ನಲವತ್ತು ಬಂತು. ಎದುರು ಮನೆಯ ವಕೀಲರು ತಮ್ಮ ಹೆಂಡತಿಯನ್ನು ಬಟ್ಟೆ ಅಂಗಡಿಯಲ್ಲಿ ಬಿಟ್ಟು ಒಬ್ಬರೇ ಮನೆಗೆ ಬಂದು, ಚಹಾ ಕೊಡು ಎಂದು ಅಡುಗೆಮನೆಯತ್ತ ಕೂಗಿದರಂತೆ. ಇಂಥವು ದಿನಕ್ಕೊಂದು. ಮೊದಮೊದಲು ಜನ ನಕ್ಕರು, ಆಮೇಲೆ ನಗು ಕಡಿಮೆಯಾಯಿತು. ಚಹಾದ ಅಂಗಡಿಯಲ್ಲಿ ಕೊಲೆಗಾರ ಎಂಬ ಮಾತೂ ಕಡಿಮೆಯಾಯಿತು. ನನ್ನ ದನಿ ಮಾತ್ರ ಎರಡರಷ್ಟಾಯಿತು.

"ಮರ್ತ್ನಂತ! ನೀರಡಿಕಿ ಆದ್ರ ನೀರು ಮರೀತಾನೇನು? ಪಗಾರದ ದಿನ ಮರೀತಾನೇನು?" ಎಂದು ಬೆಂಚು ಗುದ್ದಿದೆ.

"ಅಂಬಣ್ಣ, ನಿನ್ನೆ ನಂದು ಕಾರಿನ ಕೀಲಿ ನಿನ್ನ ಕಿಸೇದಾಗ ಇಟ್ಕೊಂಡು ಊರೆಲ್ಲ ಹುಡುಕಿಸಿದೆಲ್ಲೋ," ಎಂದ ಚಹಾದವನು.

"ಅದು ನಿನಗ ಪರೀಕ್ಷೆ ಮಾಡಿದ್ದೆ!"

ಒಂದು ಸಂಜೆ ಚಂದ್ರಭಾಗಾ ನಮ್ಮ ಮನೆಗೇ ಬಂದಳು. ಏಳು ತಿಂಗಳ ಹೊಟ್ಟೆ. ಜಗದೇವಿ ತಂಪು ಮಜ್ಜಿಗೆ ಕೊಟ್ಟು ಗೋಡೆಗೆ ಒರಗಿಸಿ ಕೂರಿಸಿದಳು. ಚುಕ್ಕಿ ಹೋಗಿ, ಪರಿಚಯದವಳಂತೆ ಆಕೆಯ ಬಳೆ ಎಣಿಸಲು ಕುಳಿತಿತು. ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅಣ್ಣಾರ, ನೀವು ಮಾತಾಡಿದ್ರ ನಾಲ್ಕು ಮಂದಿ ಕೇಳ್ತಾರ, ಅದಕ್ಕ ಬಂದೀನಿ," ಎಂದಳು. "ನನಗೂ ಸಿಟ್ಟದ. ಮೂರು ತಿಂಗಳು ನಾ ಅವರ ಮಾರಿ ನೋಡಿಲ್ಲ. ಆದ್ರ ತನುಗ ಜ್ವರ ಬಂದಾಗೆಲ್ಲ ರಾತ್ರಿ ಪೂರಾ ಎದಿ ಮ್ಯಾಲೆ ಹಾಕ್ಕೊಂಡು ತಿರುಗ್ಯಾಡಿದವರು ಅವರೇ. ನನಗ ಇದು ಎರಡೂ ಗೊತ್ತದ. ಈ ಕೂಸಿಗೆ ಅಪ್ಪ ಬೇಕ್ರಿ."

"ಆ ಕೂಸಿಗೂ ಬೇಕಾಗಿತ್ತು," ಎಂದುಬಿಟ್ಟೆ.

ಜಗದೇವಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕಲಬುರಗಿಯ ಬಿಸಿಲು ಅದರ ಮುಂದೆ ಬೆಳದಿಂಗಳು. ಚಂದ್ರಭಾಗಾ ಚುಕ್ಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಗೋಡೆ ಹಿಡಿದು ಎದ್ದು ಹೋದಳು.

ವಿಚಾರಣೆಯ ದಿನ ಪುರಭವನದಲ್ಲಿ ಹತ್ತು ಲಕ್ಷ ಜನ ಸೇರಿದ್ದರು. ಆರು ನೂರು ಎಂದು ಪೇಪರಿನಲ್ಲಿ ಬಂತು. ವೇದಿಕೆಯ ಮೇಲೆ ಮೇಡಂ. ಪಕ್ಕದಲ್ಲಿ ರೇವಣಸಿದ್ಧ, ಬಟ್ಟೆ ಹ್ಯಾಂಗರಿಗೆ ನೇತುಹಾಕಿದಂಥ ಮನುಷ್ಯ. ಅವರಿಗೆ ಮಾತಾಡಲು ಹೇಳಿದಾಗ ಎದ್ದು ನಿಂತು ಇಷ್ಟೇ ಅಂದರು: "ತಪ್ಪು ನಂದೇ ಅದ. ಯಾಕಾತು ಅಂತ ಮೇಡಂ ಹೇಳ್ಯಾರ, ಅದರಿಂದ ನನ್ನ ಭಾರೇನೂ ಇಳಿದಿಲ್ಲ. ಹುಟ್ಟೋ ಕೂಸಿಗೆ ನಾ ಹತ್ರ ಇರಬೇಕೋ ದೂರ ಇರಬೇಕೋ, ಯಾವುದು ಅದಕ್ಕ ಛಲೋದು, ಅದೊಂದು ಹೇಳ್ರಿ."

ಆಮೇಲೆ ನೂರೊಂದು ಜನರಲ್ಲಿ ಮಾತಾಡುವವರು ಮಾತಾಡಬೇಕು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಎದ್ದರು. "ನನಗೂ ಇಪ್ಪತ್ತಾರು ಬಂದಾವ, ಮುಚ್ಚಿಡಂಗಿಲ್ಲ. ಆದ್ರ ಎಲ್ಲಾರೂ ಮರೀತಾರ ಅಂತ ಎಲ್ಲಾರಿಗೂ ಮಾಫಿ ಕೊಟ್ರ, ನಾಳೆ ಎಚ್ಚರ ಇರೋರು ಯಾರು?" ಇದೇ ಸಮಯವೆಂದು ನಾನು ಮೈಕಿಗೆ ಹೋದೆ.

"ನಾನು ಇರ್ತೀನಿ ಎಚ್ಚರ!" ಎಂದೆ. "ನೋಡ್ರಿ ನನ್ನ ಲೆಕ್ಕ. ಇಪ್ಪತ್ತೊಂದು ದಿನ, ಸೊನ್ನೆ! ನನಗೂ ಮನ್ಯಾಗ ಮೊಮ್ಮಗಳು ಅದಾಳ. ಕರುಳು ಇದ್ದವನಿಗೆ ಮರೆವು ಬರಂಗಿಲ್ಲ ಅನ್ನಲಿಕ್ಕೆ ನಾನೇ ಸಾಕ್ಷಿ. ಇಂಥವರನ್ನ ಮನಿಗೆ ಬಿಡಬ್ಯಾಡ್ರಿ!"

ಚಪ್ಪಾಳೆ ಬಿತ್ತು. ಹದಿನೆಂಟು ನಿಮಿಷ ಬಿತ್ತು. ಸರಿ, ಸ್ವಲ್ಪ ಬಿತ್ತು. ಅದರ ನಡುವೆ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು.

"ಮೇಡಂ, ಆ ಸೊನ್ನೆ ಇವರದಲ್ರಿ. ನಮ್ಮ ಹಿತ್ತಲಾಗ ಕಟ್ಟಿದ ಆಡಿಂದು."

ಸಭೆ ತಿರುಗಿ ನೋಡಿತು.

"ಎಂಟು ದಿನ ಆತು ನಾ ನೋಡಿ. ಗುಂಡಿ ಆಡಿನ ಕಿವಿ ಹಿಂದ ಅಂಟಿಸ್ಯಾರ. ಇವರ ಹುಡುಗಾಟ ಇದ್ದದ್ದೇ ಅಂತ ಸುಮ್ಮನಿದ್ದೆ. ಇವತ್ತು ಇನ್ನೊಬ್ಬರ ಮನಿ ಒಡೀಲಿಕ್ಕೆ ಅದನ್ನೇ ಸಾಕ್ಷಿ ಮಾಡ್ಯಾರಲ್ಲ, ಹೆಂಗ ಸುಮ್ಮನಿರಲಿ?"

ಭವನ ನಕ್ಕಿತು ನೋಡಿ, ಮೇಲಿನ ಫ್ಯಾನುಗಳು ಕರೆಂಟಿಲ್ಲದೆ ತಿರುಗಿರಬೇಕು. ಫರ್ಹಾನಾ ಮೇಡಂ ಮಾತ್ರ ನಗಲಿಲ್ಲ. "ಸೊನ್ನೆ ಬಂದಾಗೇ ನನಗ ಸಂಶಯ ಇತ್ತು," ಎಂದರು. "ಆಡಿಗೆ ಮುಂದ ಮಾಡಬೇಕಾದ ಕೆಲಸ ಅನ್ನೋದೇ ಇಲ್ಲ. ಕೈಯಾಗ ಚೀಟಿನೇ ಇಲ್ಲದವಗ ಅದು ಜಾರೂದೆಲ್ಲಿ? ಮೈ ತುಂಬ ಜವಾಬ್ದಾರಿ ಹೊತ್ತವರದೇ ಸಂಖ್ಯೆ ದೊಡ್ಡದದ." ಆಮೇಲೆ ನನ್ನತ್ತ ತಿರುಗಿ ಕೇಳಿದರು. "ಮಿಸ್ತ್ರಿ, ಮೂರನೇ ದಿನ ಮೊದಲಿನ ಗುಂಡಿ ಎಣ್ಣಿಯಾಗ ಯಾಕ ಹಾಕಿದ್ರಿ?"

ಬಾಯಿ ತೆರೆದರೆ ಸಾವಿರ ಸುಳ್ಳು ಸಾಲಾಗಿ ನಿಲ್ಲುವ ನನ್ನ ನಾಲಿಗೆಯ ಮೇಲೆ ಆಗ ಒಂದೂ ಬರಲಿಲ್ಲ. ಎದುರಿನ ಸಾಲಿನಲ್ಲಿ ಜಗದೇವಿ ಇನ್ನೂ ಹುಡುಗಾಟದ ಉತ್ತರಕ್ಕೇ ಕಾಯುತ್ತ ನಿಂತಿದ್ದಳು. ಅವಳ ತೊಡೆಯ ಹತ್ತಿರ ಚುಕ್ಕಿ ಸೆರಗು ಹಿಡಿದುಕೊಂಡಿತ್ತು.

"ಎಸಿಗೆ ಗ್ಯಾಸ್ ತುಂಬಿದ ಮ್ಯಾಲ ನಾವು ಕಾರನ್ನ ಸುಡೋ ಬಿಸಲಾಗ ನಿಲ್ಲಸ್ತೀವಿ," ಎಂದೆ. "ಗ್ಲಾಸ್ ಏರಿಸಿ, ಎಸಿ ಜೋರ್ ಮಾಡಿ, ಒಳಗ ಥರ್ಮಾಮೀಟರ್ ಇಟ್ಟು, ಬಾಗಿಲು ಹಾಕಿ ಬಿಡ್ತೀವಿ. ಬಿಸಲಾಗ ತಂಪು ನಿಂತ್ರ ಕೆಲಸ ಪಕ್ಕಾ. ಅವತ್ತು ಮನ್ಯಾಗ ಇವಳು ಇರಲಿಲ್ಲ, ಚುಕ್ಕಿನ್ನ ಅಂಗಡಿಗೆ ತಂದಿದ್ದೆ. ನಿದ್ದಿ ಬಂದಿತ್ತು ಕೂಸಿಗೆ. ಕೆಳಗ ಎಣ್ಣಿ ಹೊಲಸು ಅಂತ ಒಂದು ಕಾರಿನ ಹಿಂದಿನ ಸೀಟಿನ ಮ್ಯಾಲ ಮಲಗಿಸಿದೆ. ಆಮ್ಯಾಲ ಅದೇ ಕಾರನ್ನ ಟೆಸ್ಟಿಗೆ ಬಿಸಲಾಗ ನಿಲ್ಲಿಸಿ, ಬಾಗಿಲು ಹಾಕಿ ಚಹಾಕ್ಕ ಹೋದೆ."

ಮೇಡಂ ಮೈಕನ್ನು ನನ್ನತ್ತ ಇನ್ನಷ್ಟು ಸರಿಸಿದರು.

"ನನಗ ನೆನಪಾಗಿ ನಾ ಓಡಿ ಬರಲಿಲ್ಲ. ಟೆಸ್ಟ್ ಮುಗೀತು ಅಂತ ಥರ್ಮಾಮೀಟರ್ ನೋಡಲಿಕ್ಕೆ ಬಾಗಿಲು ತೆಗದೆ. ಕೂಸು ಚಳಿಗೆ ಮುದುಡಿ ಮಲಗಿತ್ತು. ಒಳಗ ಹದಿನೆಂಟು ಡಿಗ್ರಿ ಇತ್ತು. ಗ್ಯಾಸು ಸೋರೋ ಕಾರು ಇದ್ದಿದ್ರ?" ಮೈಕಿನ ಕಂಬ ಹಿಡಿದುಕೊಂಡು ಮುಂದುವರಿಸಿದೆ. "ಎರಡೇ ನಿಮಿಷ ಅಷ್ಟ. ಆದ್ರೂ ಆ ಗುಂಡಿ ನೋಡಿತ್ತಲ್ಲ, ಅದಕ್ಕ ಎಣ್ಣಿಯಾಗ ಹಾಕಿದೆ. ಆವಾಗಿಂದ ಇವರನ್ನ ಬೈದಷ್ಟೂ ನಾ ಬ್ಯಾರೆ, ಇವರು ಬ್ಯಾರೆ ಅಂತ ಅನಸ್ತಿತ್ತು."

ಜಗದೇವಿ ಚುಕ್ಕಿಯನ್ನು ಎತ್ತಿಕೊಂಡಳು. ನನ್ನನ್ನು ನೋಡಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ಶಿಶುವಿಹಾರದ ಆಯಾ ಸಕ್ಕೂಬಾಯಿ. "ಅವತ್ತು ಹಾಜರಿ ಕರೀವಾಗ ತನು ಬಂದಿಲ್ಲ ಅಂತ ಗೀಟು ಎಳದೆ," ಎಂದಳು. "ಫೋನ್ ನನ್ನ ಸ್ವಂಟದಾಗೇ ಇತ್ರಿ. ಜ್ವರ ಬಂದಿರಬೇಕು ಅನ್ಕೊಂಡೆ. ಕೂಸು ಯಾಕ ಬಂದಿಲ್ಲ ಅಂತ ಒಂದು ಮಾತು ಕೇಳಿದ್ರ... ಇನ್ನ ಮ್ಯಾಲ ಕೇಳ್ತೀನ್ರಿ. ಒಂಬತ್ತೂವರಿಗೆ ಬರದಿದ್ದ ಕೂಸಿನ ಮನಿಗೆ ಫೋನ್ ಹಚ್ತೀನಿ. ಅವ್ವ ಎತ್ತದಿದ್ರ ಅಪ್ಪಗ, ಅಪ್ಪ ಎತ್ತದಿದ್ರ ನಾನೇ ಆಟೋ ಹತ್ತಿ ಹೋಗ್ತೀನಿ."

ಹೆಡ್‌ಮಾಸ್ಟರು ಎದ್ದು ಕೈ ಮುಗಿದರು. "ನಾ ಕೇಳಿದ್ದಕ್ಕ ಉತ್ತರ ಸಿಕ್ತು, ತಾಯಿ. ಒಬ್ಬರು ತೂಕಡಿಸಿದ್ರ ಇನ್ನೊಬ್ಬರು ಎಬ್ಬಸೂದು."

ಕೈ ಎತ್ತಿಸಿದರು. ಹತ್ತಿರ ಇರಲಿ ಎಂದವರು ಎಂಬತ್ಮೂರು, ಬೇಡ ಎಂದವರು ಹದಿನೇಳು. ನಾನು ಯಾವ ಕಡೆಗೂ ಕೈ ಎತ್ತುವಂತಿರಲಿಲ್ಲ. ನನ್ನ ಗುಂಡಿಯನ್ನು ಆಡು ಹಾಕಿಕೊಂಡಿದ್ದರಿಂದ ನನ್ನ ಮತ ರದ್ದಾಗಿತ್ತು.

ಈಗ ನಮ್ಮ ಊರಿನ ಎಲ್ಲ ಶಿಶುವಿಹಾರಗಳಲ್ಲಿ ಒಂಬತ್ತೂವರೆಯ ಕರೆ ಎಂಬ ರೂಢಿ ಇದೆ. ಬೇರೆ ಜಿಲ್ಲೆಗಳಿಂದ ಬಂದು ನೋಡಿಕೊಂಡು ಹೋಗುತ್ತಾರೆ. ನನ್ನದೇ ಉಪಾಯ ಎಂದು ಕೆಲವರಿಗೆ ಹೇಳಿದ್ದೇನೆ. ಅಲ್ಲ, ಸಕ್ಕೂಬಾಯಿಯದು. ಗುಂಡಿಯೂ ನನ್ನದಲ್ಲ. ಆ ಕೋಣೆಯ ಎಸಿ ಮಾತ್ರ ನಾನು ಮಾಡಿದ್ದು, ಅದೂ ಎರಡನೆಯ ಸಲಕ್ಕೆ ಸರಿಹೋಯಿತು. ರೇವಣಸಿದ್ಧ ಮೇಷ್ಟ್ರಿಗೆ ಹೆಣ್ಣು ಮಗು ಹುಟ್ಟಿದೆ. ಕೋರ್ಟು ಅವರಿಗೆ ಜೈಲು ಕೊಡಲಿಲ್ಲ. ಊರೂರಿಗೆ ಹೋಗಿ ತಮ್ಮ ಕಥೆಯನ್ನು ತಾವೇ ಹೇಳುವ ಕೆಲಸ ಕೊಟ್ಟಿತು, ಎರಡು ವರ್ಷ. ಹೇಳುತ್ತಿದ್ದಾರೆ.

ಆದರೆ ನಾನು ಹೇಳಬೇಕಾದದ್ದು ಅಂದು ಸಭೆ ಮುಗಿದ ಮೇಲೆ ಪುರಭವನದ ಮೆಟ್ಟಿಲ ಮೇಲೆ ನಡೆದದ್ದು. ಜನ ಚದುರಿದ್ದರು. ಜಗದೇವಿ ನಾಲ್ಕು ಮೆಟ್ಟಿಲು ಕೆಳಗೆ, ನನಗೆ ಬೆನ್ನು ಮಾಡಿ, ಚುಕ್ಕಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ರೇವಣಸಿದ್ಧ ಬಂದು ನನ್ನ ಪಕ್ಕದಲ್ಲಿ ಕುಳಿತರು. ಬೈಯುತ್ತಾರೆ ಎಂದುಕೊಂಡೆ.

"ಮಿಸ್ತ್ರೀ, ಒಂದು ಕೇಳ್ಲೇನು? ಬಿಸಲಾಗ ನಿಲ್ಲಿಸಿದ ಕಾರಿನೊಳಗ ಅರವತ್ತು ಡಿಗ್ರಿ ಇರ್ತದ. ನಾ ಅದನ್ನೇ ಪಾಠ ಮಾಡಾವ. ಅಷ್ಟು ಕಾವು ಹದಿನೆಂಟಕ್ಕ ಇಳೀಲಿಕ್ಕೆ ಎರಡು ನಿಮಿಷ ಸಾಲಂಗಿಲ್ಲ."

ನಾನು ಕೆಳಗಿನ ಮೆಟ್ಟಿಲತ್ತ ನೋಡಿದೆ.

"ಎರಡು ಅಂತ ಹೇಳಿದ್ರ ಭಾರ ಕಮ್ಮಿ ಆಗಂಗಿಲ್ರಿ. ನಾನೂ ಹಂಗ ಹೇಳಿ ನೋಡೀನಿ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ತುಂಬ ದೂರದ ಊರಿಗೆ ಒಬ್ಬರೇ ಹೋಗಿ ಬಂದವರು, ಅಲ್ಲಿಂದ ಬಂದ ಇನ್ನೊಬ್ಬನನ್ನು ಕಂಡು ಮಾತಾಡಿಸುವಂತಿತ್ತು. "ಎಷ್ಟು?"

ಚುಕ್ಕಿ ಕಾರಿನಲ್ಲಿ ಮಲಗಿದ್ದ ದಿನ ಫೋನಿಗೆ ಬಂದಿದ್ದ ನಿಮಿಷಗಳ ಲೆಕ್ಕವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಜೀವಮಾನವಿಡೀ ಎಲ್ಲವನ್ನೂ ಹಿಗ್ಗಿಸಿ ಹೇಳಿದವನು ಅದೊಂದನ್ನು ಮಾತ್ರ ಕುಗ್ಗಿಸಿ ಹೇಳಿದ್ದೆ. ಕೆಳಗಿನ ಮೆಟ್ಟಿಲಲ್ಲಿ ಜಗದೇವಿಯ ಕತ್ತು ನನ್ನತ್ತ ಹೊರಳಿತ್ತು. ಅವಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಹತ್ತೊಂಬತ್ತು."